ದೋಣಿ ಮುಳುಗುವುದು ಯಾವಾಗ?

ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಪಂಡಿತನಾಗಿದ್ದು, ಕಥನದ ಲಕ್ಷಣಗಳನ್ನು ಕರಿಹಲಗೆಯ ಮೇಲೆ ಲೆಕ್ಕವಿಲ್ಲದಷ್ಟು ಸಲ ಬರೆದು ಅಳಿಸಿದ ನಾನು, ಕಥನವೆಂದರೇನೆಂಬುದನ್ನು ನಿಜವಾಗಿ ಅರಿತದ್ದು ಒಂದು ಸಭೆಯಲ್ಲಿ ಉಂಡ ಅವಮಾನದಿಂದ, ಮತ್ತು ಅದೇ ರಾತ್ರಿ ನನ್ನ ಅತ್ತಿಗೆ ಆಡಿದ ಕೆಲವೇ ಮಾತುಗಳಿಂದ. ಆ ನೋವು ಇಂದಿಗೂ ಮಾಸಿಲ್ಲ. ಕತೆ ಬರೆಯಹೊರಡುವ ಎಳೆಯರಿಗಾದರೂ ಅದು ತಪ್ಪಲೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಅಣ್ಣನು ಪುನರ್ವಸು ಮಳೆಯ ಕಾಲದಲ್ಲಿ, ತುಂಬಿ ಹರಿಯುತ್ತಿದ್ದ ತುಂಗೆಯನ್ನು ದಾಟುವಾಗ ದೋಣಿ ಮಗುಚಿ ತೀರಿಕೊಂಡನು. ನಾನಾಗ ಶಿವಮೊಗ್ಗೆಯಲ್ಲಿ ಓದುತ್ತಿದ್ದೆ. ಸುದ್ದಿ ತಿಳಿದು ಊರು ಸೇರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ತಂದೆಯಿಲ್ಲದ ಮನೆಯಲ್ಲಿ ತಂದೆಯಂತಿದ್ದ ಅವನ ಋಣವನ್ನು ಅಕ್ಷರದಲ್ಲಿಯಾದರೂ ತೀರಿಸಬೇಕೆಂಬ ಹಂಬಲವು ಹಲವು ವರ್ಷ ಒಳಗೊಳಗೇ ಕುದಿದು, ಕಡೆಗೊಂದು ಬೇಸಗೆಯ ರಜೆಯಲ್ಲಿ ನಲವತ್ತೆರಡು ಪುಟಗಳ ಕತೆಯಾಗಿ ಹೊರಬಂದಿತು.

ನಾನು ಬಲ್ಲ ಶಾಸ್ತ್ರವೆಲ್ಲ ಅದರಲ್ಲಿತ್ತು. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂದು ನಾಟ್ಯಶಾಸ್ತ್ರವು ಹೇಳುವ ಪಂಚಸಂಧಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಐದು ಭಾಗ ಮಾಡಿದೆ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ವಿಧಿಸಿದ ನಗರ, ಪರ್ವತ, ಋತು, ಚಂದ್ರೋದಯಾದಿ ವರ್ಣನೆಗಳಲ್ಲಿ ನನ್ನ ವಸ್ತುವಿಗೆ ಹೊಂದಬಹುದೆಂದು ತೋರಿದುದನ್ನೆಲ್ಲ ಸೇರಿಸಿದೆ. ನಾಯಕನ ಗುಣಕೀರ್ತನೆಗೆ ಆರು ಪುಟ, ಸಹ್ಯಾದ್ರಿಯ ಮಳೆಗಾಲಕ್ಕೆ ಐದು, ವರಾಹಪರ್ವತದ ಗಂಗಾಮೂಲದಿಂದ ಹಿಡಿದು ಕೂಡಲಿಯಲ್ಲಿ ಭದ್ರೆಯನ್ನು ಬೆರೆಯುವವರೆಗಿನ ತುಂಗಾಮಾಹಾತ್ಮ್ಯಕ್ಕೆ ನಾಲ್ಕು. ಮಾಸಪತ್ರಿಕೆಯೊಂದರ ಸಂಪಾದಕರು ಅದನ್ನು ಎರಡು ಸಲ ಹಿಂದಿರುಗಿಸಿದರು. ಎರಡನೆಯ ಸಲ ಅಂಚಿನಲ್ಲಿ ‘ಸಂಕ್ಷೇಪಿಸಿ’ ಎಂಬ ಒಂದೇ ಮಾತಿತ್ತು. ಸತ್ತ ಅಣ್ಣನನ್ನು ಸಂಕ್ಷೇಪಿಸುವುದು ಹೇಗೆಂದು ಕೆರಳಿ, ಒಂದು ವಾಕ್ಯವನ್ನೂ ತೆಗೆಯದೆ ಅದನ್ನು ಪೆಟ್ಟಿಗೆಯಲ್ಲಿಟ್ಟೆ. ಈ ಹಟವೇ ಮುಂದಿನದಕ್ಕೆಲ್ಲ ಮೂಲ.

ದೀಪಾವಳಿ ಕಳೆದ ಮೇಲೆ ಪಕ್ಕದ ಪಟ್ಟಣದಲ್ಲಿ ಒಂದು ಸಾಹಿತ್ಯಗೋಷ್ಠಿ ಏರ್ಪಟ್ಟಿತು. ಸ್ವಂತ ಕತೆಯನ್ನು ಓದಬೇಕೆಂದು ನನಗೆ ಆಹ್ವಾನ ಬಂದಾಗ, ಬರಲೊಲ್ಲೆನೆಂದ ಅತ್ತಿಗೆಯನ್ನು ಒತ್ತಾಯಿಸಿ ಕರೆದೊಯ್ದೆ. ಅಣ್ಣನ ಸ್ಮರಣೆ ಹತ್ತು ಜನರ ಮುಂದೆ ನಡೆಯುವುದನ್ನು ಅವರು ಕೇಳಲೆಂಬುದೇ ನನ್ನ ಆಸೆಯಾಗಿತ್ತು. ಹೆಂಗಸರ ಕಡೆಯ ಜಮಖಾನದ ಕೊನೆಯಲ್ಲಿ, ಕಂಬಕ್ಕೊರಗಿ ಅವರು ಕುಳಿತರು. ಅಧ್ಯಕ್ಷಪೀಠದಲ್ಲಿದ್ದವರು ವಿದ್ಯಾ ಇಲಾಖೆಯ ಒಬ್ಬ ಅಧಿಕಾರಿಗಳು.

ಆರು ಪುಟ ಮುಗಿಯುವ ವೇಳೆಗೆ ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ಎಂಟನೆಯ ಪುಟದಲ್ಲಿ ನಾಲ್ಕೈದು ಮಂದಿ ಚಪ್ಪಲಿ ಹುಡುಕಿಕೊಂಡು ಹೊರನಡೆದರು. ಪೆಟ್ರೋಮ್ಯಾಕ್ಸ್ ದೀಪದ ಬೆಳಕು ಕುಗ್ಗಿದುದರಿಂದ ಒಬ್ಬ ಹುಡುಗನು ಬಂದು ಗಾಳಿ ಹಾಕಿದನು. ಸಭೆಯ ಕಣ್ಣೆಲ್ಲ ನನ್ನನ್ನು ಬಿಟ್ಟು ಅವನ ಕೈಯ ಮೇಲೆ ನಿಂತುದನ್ನು ಕಂಡೂ, ಮುಂದಿನ ವರ್ಣನೆಯಿಂದ ಅವರನ್ನು ಮರಳಿ ಸೆಳೆದೇನೆಂಬ ಭ್ರಾಂತಿಯಲ್ಲಿ ದನಿಯನ್ನು ಏರಿಸಿ ಓದಿದೆ. ಹನ್ನೊಂದನೆಯ ಪುಟದಲ್ಲಿ, ಮೇಘಗಳ ಗರ್ಜನೆಯ ನಡುವೆ, ಅಧ್ಯಕ್ಷರು ಗಡಿಯಾರ ನೋಡಿ, ಎಲ್ಲರಿಗೂ ಕೇಳುವಂತೆ, “ಪಂಡಿತರೇ, ಆ ದೋಣಿ ಮುಳುಗುವುದು ಯಾವಾಗ? ನಮಗೆ ಕೊನೆಯ ಬಸ್ಸು ತಪ್ಪುತ್ತದೆ” ಎಂದರು.

ಸಭೆ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಒಬ್ಬರಿಗೂ ಆ ದೋಣಿಯಲ್ಲಿದ್ದವನು ನನ್ನ ಒಡಹುಟ್ಟಿದವನೆಂದು ತಿಳಿದಿರಲಿಲ್ಲ. ತಿಳಿದಿದ್ದವರು ಆ ಕಂಬದ ಬಳಿ ಒಬ್ಬರೇ. ಅತ್ತ ನೋಡಿದೆ. ಅತ್ತಿಗೆ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. ಆಗಲೇ ಕುಳಿತುಬಿಡಬೇಕಾಗಿತ್ತು. ಕುಳಿತರೆ ಅಣ್ಣನನ್ನು ಎರಡನೆಯ ಸಲ ಹೊಳೆಗೆ ಬಿಟ್ಟಂತಾದೀತೆಂದು ಬಗೆದು ಇನ್ನೂ ಎರಡು ಪುಟ ಓದಿದೆ; ಕೊನೆಗೆ ಕಣ್ಣಿಗೆ ಅಕ್ಷರ ಕಾಣದೆ ಹಾಳೆಗಳನ್ನು ಮಡಿಸಿ ಕೆಳಗಿಳಿದೆ. ಆ ಅಧಿಕಾರಿಗಳನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಪ್ರಶ್ನೆ ನ್ಯಾಯವಾದದ್ದೇ ಆಗಿದ್ದರೂ, ವೇದಿಕೆಯ ಮೇಲೆ ನಿಂತವನನ್ನು ಹಾಗೆ ಕೇಳುವುದು ಮನುಷ್ಯತ್ವವಲ್ಲ.

ಮನೆ ಸೇರುವವರೆಗೂ ಅತ್ತಿಗೆ ಮಾತನಾಡಲಿಲ್ಲ. ಕೈಕಾಲು ತೊಳೆದು ಜಗಲಿಯಲ್ಲಿ ಕುಳಿತ ಮೇಲೆ, “ನಿನ್ನ ಕತೆಯಲ್ಲಿ ನಿನ್ನಣ್ಣ ಒಂದು ಮಾತನ್ನೂ ಆಡಲಿಲ್ಲವಲ್ಲೋ” ಎಂದರು. ನಾನು ಸುಮ್ಮನಿದ್ದೆ. ಗೋಡೆಯ ಮೊಳೆಗೆ ತೂಗುಹಾಕಿದ್ದ ಹಳೆಯ ಛತ್ರಿಯ ಕಡೆಗೆ ನೋಡುತ್ತ ಅವರು ತಾವೇ ಮುಂದುವರಿಸಿದರು:

“ಅವರು ಹೋದ ದಿನ ಛತ್ರಿ ಇಲ್ಲೇ ಬಿಟ್ಟು ಹೋದ್ರು. ‘ಛತ್ರಿ’ ಅಂದೆ. ‘ಬೇಡ, ಮಧ್ಯಾಹ್ನಕ್ಕೆ ಮಳೆ ಬಿಡ್ತದೆ’ ಅಂದ್ರು. ಮೆಟ್ಟಿಲಿಳಿದು, ಪಂಚೆ ಎತ್ತಿ ಕಟ್ಟಿ, ತೋಟದ ಸಂಕ ದಾಟಿ, ಒಂದ್ಸಲ ತಿರುಗಿ ನೋಡಿ ಹೋದ್ರು. ದೋಣಿಗಂಡೀಲಿ ಅಂಬಿಗ ‘ಇವತ್ತು ಬೇಡ ಅಯ್ಯಾ’ ಅಂದನಂತೆ. ‘ಆಚೆ ದಡದಲ್ಲಿ ದುಡ್ಡು ಕೊಡೋರು ಕಾಯ್ತಿದಾರೆ, ತಮ್ಮನ ಕಾಲೇಜಿನ ಫೀಜು ಕಟ್ಟಬೇಕು’ ಅಂದ್ರಂತೆ. ನಡುಹೊಳೇಲಿ ಮರದ ದಿಮ್ಮಿ ಬಂದು ಬಡೀತಂತೆ. ಮಧ್ಯಾಹ್ನಕ್ಕೆ ಮಳೆ ಬಿಡ್ತು.”

ಫೀಜಿನ ಸಂಗತಿ ನನಗೆ ತಿಳಿದದ್ದು ಆ ರಾತ್ರಿ. ಇಷ್ಟು ವರ್ಷ ಏಕೆ ಹೇಳಲಿಲ್ಲವೆಂದು ಕೇಳಿದಾಗ, “ನೀನು ಕೇಳಲಿಲ್ಲ” ಎಂದರು. ಕೇಳದೆಯೇ ನಾನು ನಲವತ್ತೆರಡು ಪುಟ ಬರೆದಿದ್ದೆ; ಅಣ್ಣನು ಏಕೆ ಹೊಳೆ ದಾಟಿದನೆಂಬುದು ತಿಳಿಯದಿದ್ದುದರಿಂದ ವಿಧಿಯನ್ನು ಕಾರಣವಾಗಿಸಿ, ಆ ಬರಿದಾದ ಸ್ಥಾನವನ್ನು ಮೇಘಗಳಿಂದ ಮುಚ್ಚಿದ್ದೆ.

ಅಂದಿನಿಂದ ಆ ಕೆಲವು ವಾಕ್ಯಗಳನ್ನು, ಒಂದು ಕಾಲಕ್ಕೆ ಕಾವ್ಯಲಕ್ಷಣವನ್ನು ಪರೀಕ್ಷಿಸುತ್ತಿದ್ದಷ್ಟೇ ಶ್ರದ್ಧೆಯಿಂದ ಪರೀಕ್ಷಿಸಿದ್ದೇನೆ. ‘ಅವರು ಹೋದ ದಿನ’ ಎಂದು ಅವರು ಮೊದಲ ಮಾತಿನಲ್ಲಿಯೇ ಮರಣವನ್ನು ಹೇಳಿಬಿಟ್ಟರು. ಮಹಾಭಾರತದಲ್ಲಿ ರಣರಂಗದಿಂದ ಬಂದ ಸಂಜಯನು ಧೃತರಾಷ್ಟ್ರನಿಗೆ ಮೊದಲು ಭೀಷ್ಮನು ಬಿದ್ದನೆಂದೇ ತಿಳಿಸುತ್ತಾನೆ. ಹತ್ತು ದಿನಗಳ ಯುದ್ಧದ ವಿವರ ಬರುವುದು ಆಮೇಲೆ. ಅಂತ್ಯವು ತಿಳಿದ ಮೇಲೆ ಕೇಳುವವನು ‘ಯಾವಾಗ’ ಎಂದು ಗಡಿಯಾರ ನೋಡುವುದಿಲ್ಲ, ‘ಹೇಗೆ’ ಎಂದು ಬಾಯಿ ನೋಡುತ್ತಾನೆ. ನಾನು ಈ ಪರ್ವವನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆ. ಅದರ ಕಟ್ಟಡವನ್ನು ಮಾತ್ರ ನೋಡಿರಲಿಲ್ಲ.

ಎರಡನೆಯದು ‘ಅಂತೆ’. ಕಣ್ಣಾರೆ ಕಂಡದ್ದಕ್ಕೆ ‘ಅಂದ್ರು’, ಅಂಬಿಗನ ಬಾಯಿಂದ ಕೇಳಿದ್ದಕ್ಕೆ ‘ಅಂದ್ರಂತೆ’. ಜಗಲಿಯ ಮೆಟ್ಟಿಲಿನಿಂದ ಹೊಳೆಯ ದಡಕ್ಕೆ ಹೋಗುವಾಗ ಅವರ ಸಾಕ್ಷಿ ಎಲ್ಲಿ ಮುಗಿಯಿತೆಂಬುದನ್ನು ಆ ಎರಡಕ್ಷರವೇ ತೋರಿಸುತ್ತದೆ. ನಾನಾದರೋ, ಒಂದನ್ನೂ ಕಾಣದವನು, ಎಲ್ಲವನ್ನೂ ಕಂಡವನಂತೆ ಬರೆದಿದ್ದೆ. ಕಥಕನು ಎಲ್ಲಿ ನಿಂತು ಹೇಳುತ್ತಿದ್ದಾನೆಂಬುದನ್ನು ಕನ್ನಡದ ಕ್ರಿಯಾಪದವೇ ಸೂಚಿಸಬಲ್ಲುದಾಗಿರುವಾಗ, ಆ ಶಕ್ತಿಯನ್ನು ಬಳಸದಿರುವುದು ನಮ್ಮ ಅಪರಾಧ.

ಮೂರನೆಯದು ನಡಿಗೆ. ‘ಇಳಿದು, ಕಟ್ಟಿ, ದಾಟಿ, ನೋಡಿ’ ಎಂಬ ಅಪೂರ್ಣಕ್ರಿಯೆಗಳು ಒಂದನ್ನೊಂದು ತಳ್ಳುತ್ತ ‘ಹೋದ್ರು’ ಎಂಬ ಪೂರ್ಣಕ್ರಿಯೆಯಲ್ಲಿ ನಿಲ್ಲುತ್ತವೆ. ಅಲ್ಲಿಯವರೆಗೆ ಕಿವಿಗೆ ಬಿಡುವಿಲ್ಲ. ವಿಶೇಷಣವೋ, ಇಡೀ ಕಥನದಲ್ಲಿ ಒಂದೂ ಇಲ್ಲ. ನನ್ನ ಹಸ್ತಪ್ರತಿಯಲ್ಲಿ ಪ್ರತಿಯೊಂದು ನಾಮಪದಕ್ಕೂ ಎರಡೆರಡು ವಿಶೇಷಣಗಳಿದ್ದುವು, ಕ್ರಿಯಾಪದಗಳು ಅವುಗಳ ಭಾರಕ್ಕೆ ಕುಸಿದಿದ್ದುವು. ಅಣ್ಣನ ಮಾತನ್ನಾಗಲಿ ಅಂಬಿಗನ ಮಾತನ್ನಾಗಲಿ ಅತ್ತಿಗೆ ತಿದ್ದಲಿಲ್ಲ. ಆಡಿದ ಕನ್ನಡದಲ್ಲಿಯೇ ಉಳಿಸಿದರು.

ಶಾಸ್ತ್ರವನ್ನು ನಾನು ತಳ್ಳಿಹಾಕುವುದಿಲ್ಲ. ಪಂಚಸಂಧಿಗಳು ಸುಳ್ಳಲ್ಲ, ಆದರೆ ಸಂಧಿಯೆಂದರೆ ಜೋಡಣೆ, ಜೋಡಿಸುವುದು ಕಾರಣ. ಫೀಜಿಗಾಗಿ ಹೊಳೆ, ಹೊಳೆಗಾಗಿ ದೋಣಿ, ದೋಣಿಗೆ ಬಂದು ಬಡಿದ ದಿಮ್ಮಿ; ಈ ಸರಪಣಿಯೊಂದು ಸಿಕ್ಕಿದ ಮೇಲೆ ಐದು ಭಾಗಗಳು ತಾವಾಗಿಯೇ ಕೂಡಿಕೊಂಡುವು.

ಕತೆಯನ್ನು ಮತ್ತೆ ಬರೆದೆ. ಒಂಬತ್ತು ಪುಟವಾಯಿತು. ಅತ್ತಿಗೆಗೆ ಓದಿ ಹೇಳಿದಾಗ, ಅಣ್ಣನು ತಿರುಗಿ ನೋಡಿದಾಗ ಅವರ ಕಣ್ಣು ತುಂಬಿತ್ತೆಂದು ನಾನು ಸೇರಿಸಿದ್ದ ಒಂದು ವಾಕ್ಯವನ್ನು ತಡೆದು, “ಸುಳ್ಳು. ನನಗೆ ಒಲೆಯ ಮೇಲಿನ ಅನ್ನದ ಚಿಂತೆ ಇತ್ತು” ಎಂದರು. ಅದನ್ನು ಹೊಡೆದುಹಾಕಿ ಒಲೆಯನ್ನೂ ಅನ್ನವನ್ನೂ ಬರೆದೆ. ಹಿಂದಿರುಗಿಸಿದ್ದ ಅದೇ ಮಾಸಪತ್ರಿಕೆ ಅದನ್ನು ಪ್ರಕಟಿಸಿತು.

ಬರೆಯುವವರಿಗೆ ನನ್ನ ಸೂಚನೆಗಳು ಇಷ್ಟೇ. ಏನಾಯಿತೆಂಬುದನ್ನು ಬಚ್ಚಿಟ್ಟು ಕುತೂಹಲ ಕೆರಳಿಸಬೇಡಿ. ಏಕೆ, ಹೇಗೆ ಎಂಬುದರಲ್ಲಿ ಕುತೂಹಲವಿರಲಿ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡಿ ಹೇಳಿ. ಕ್ರಿಯಾಪದವನ್ನು ನಂಬಿ. ಪಾತ್ರವು ಅದರ ಬಾಯಿಯ ಕನ್ನಡದಲ್ಲಿ ಮಾತನಾಡಲಿ. ಬರೆದದ್ದನ್ನು, ಆ ಘಟನೆಯನ್ನು ಅನುಭವಿಸಿದವರೊಬ್ಬರ ಮುಂದೆ ಮೊದಲು ಓದಿ.

ಇವೆಲ್ಲಕ್ಕೂ ಮೊದಲಿನದೊಂದಿದೆ. ನಿಮ್ಮ ಮನೆಯಲ್ಲಿಯೂ, ಯಾರೂ ಕೇಳಲಿಲ್ಲವೆಂಬ ಒಂದೇ ಕಾರಣದಿಂದ ಹೇಳದೆ ಉಳಿದವರೊಬ್ಬರು ಇರುತ್ತಾರೆ. ನನ್ನ ಅತ್ತಿಗೆ ಈಗಿಲ್ಲ. ಅವರನ್ನು ಇನ್ನೂ ಕೇಳಬೇಕಾಗಿದ್ದುದು ಎಷ್ಟೋ ಇತ್ತು. ಲೇಖನಿ ಹಿಡಿಯುವ ಮುನ್ನ ಹೋಗಿ ನಿಮ್ಮ ಮನೆಯಲ್ಲಿರುವ ಅಂಥವರ ಬಳಿ ಕುಳಿತುಕೊಳ್ಳಿ, ಕೇಳಿ.