ಚುಕ್ಕಿಯ ಬದಲು ನಮ್ಮದೇ ಐಕಾನ್

ಪ್ರಶ್ನೆ: ನಮ್ಮ ಪಂಚಾಯಿತಿಯ ಬಾವಿ, ಶಾಲೆ, ಅಂಗನವಾಡಿಗಳನ್ನು ಕ್ಯೂಜಿಐಎಸ್‌ಗೆ ಏರಿಸಿದ್ದೇನೆ. ಎಲ್ಲವೂ ಒಂದೇ ಥರದ ಚುಕ್ಕಿಗಳು. ನಾನೇ ಬರೆದ ಐಕಾನ್ ಹಾಕಬಹುದೇ?

ಉತ್ತರ: ಧಾರಾಳವಾಗಿ. ಲೇಯರ್ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಸಿಂಬಾಲಜಿ’ಗೆ ಹೋಗಿ. ‘ಸಿಂಗಲ್ ಸಿಂಬಲ್’ ಬದಲು ‘ಕ್ಯಾಟಗರೈಸ್ಡ್’ ಆರಿಸಿ, ಬಾವಿಯೋ ಶಾಲೆಯೋ ಎಂದು ನಮೂದಿಸಿರುವ ಕಾಲಂ ಕೊಟ್ಟು ‘ಕ್ಲಾಸಿಫೈ’ ಒತ್ತಿ. ಅದಕ್ಕೂ ಮೊದಲು ಆ ಕಾಲಂ ಒಮ್ಮೆ ನೋಡಿಕೊಳ್ಳಿ: ಒಂದು ಕಡೆ ‘ಬಾವಿ’, ಇನ್ನೊಂದು ಕಡೆ ‘ಭಾವಿ’ ಎಂದಿದ್ದರೆ ಎರಡು ವರ್ಗಗಳಾಗುತ್ತವೆ.

ಈಗ ಒಂದೊಂದು ವರ್ಗದ ಚಿಹ್ನೆಯನ್ನೂ ತೆರೆದು, ‘ಸಿಂಪಲ್ ಮಾರ್ಕರ್’ ಅನ್ನು ‘ಎಸ್‌ವಿಜಿ ಮಾರ್ಕರ್’ ಮಾಡಿ, ನಿಮ್ಮ ಫೈಲ್ ತೋರಿಸಿ. ಐಕಾನ್ ಬಂದರೂ ಅದರ ಬಣ್ಣ ಬದಲಾಗದಿದ್ದರೆ ಗಾಬರಿ ಬೇಡ. ಎಸ್‌ವಿಜಿ ಫೈಲಿನೊಳಗೆ ಬಣ್ಣದ ಜಾಗದಲ್ಲಿ ಕ್ಯೂಜಿಐಎಸ್‌ಗೆ ಅರ್ಥವಾಗುವ ‘ಪ್ಯಾರಾಮ್’ ಸೂಚನೆ ಇದ್ದರಷ್ಟೇ ಇಲ್ಲಿಂದ ಬಣ್ಣ ಬದಲಿಸಲು ಸಾಧ್ಯ. ಇಲ್ಲವಾದರೆ ಇಂಕ್‌ಸ್ಕೇಪ್‌ನಂಥ ಚಿತ್ರ ಬರೆಯುವ ತಂತ್ರಾಂಶದಲ್ಲೇ ಬೇಕಾದ ಬಣ್ಣ ತುಂಬಿ ತನ್ನಿ.

ಅಳತೆ ಮಿಲಿಮೀಟರಿನಲ್ಲಿದ್ದರೆ ನಕ್ಷೆಯನ್ನು ಎಷ್ಟು ಹಿಗ್ಗಿಸಿದರೂ ಐಕಾನ್ ಅಷ್ಟೇ ಇರುತ್ತದೆ. ‘ಮ್ಯಾಪ್ ಯೂನಿಟ್ಸ್’ ಆದರೆ ನಕ್ಷೆಯ ಜೊತೆಗೇ ಹಿಗ್ಗುತ್ತದೆ. ಪಂಚಾಯಿತಿ ನಕ್ಷೆಗೆ ಮೊದಲನೆಯದೇ ಸಾಕು.

ಪ್ರಾಜೆಕ್ಟ್ ಬೇರೆಯವರಿಗೆ ಕಳಿಸುವಾಗ ಐಕಾನ್ ಫೈಲ್ ಜೊತೆಗೆ ಹೋಗದಿದ್ದರೆ ಅವರಿಗೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಫೈಲ್ ಆರಿಸುವಲ್ಲೇ ‘ಎಂಬೆಡ್’ ಆಯ್ಕೆ ಇದೆ, ಬಳಸಿ. ಕೊನೆಗೆ ಶೈಲಿಯನ್ನು ‘ಕ್ಯೂಎಂಎಲ್’ ಕಡತವಾಗಿ ಉಳಿಸಿಕೊಂಡರೆ, ಪಕ್ಕದ ಪಂಚಾಯಿತಿಯ ನಕ್ಷೆಗೂ ಅದನ್ನೇ ಹಾಕಬಹುದು.