ಮನೆಯ ಮಾಡಿನ ಮೇಲೆ ಸೋಲಾರ್ ಫಲಕಗಳನ್ನು ಕೂರಿಸುವ ಕ್ರಮ

ಸ್ನಾನದ ನೀರನ್ನು ಬಿಸಿಲಿನಿಂದ ಕಾಯಿಸುವ ಸೋಲಾರ್ ಯಂತ್ರವನ್ನು ಕೊಳ್ಳತಕ್ಕವರು ಮೊದಲು ತಮ್ಮ ಮಾಡನ್ನು ಪರೀಕ್ಷಿಸತಕ್ಕದ್ದು. 100 ಲೀಟರಿನ ತೊಟ್ಟಿಯು ತುಂಬಿದಾಗ ನೀರೊಂದೇ 100 ಕಿಲೋಗ್ರಾಂ ತೂಗುವುದು. ತೊಟ್ಟಿ, ಚೌಕಟ್ಟು, ಗಾಜುಗಳ ಭಾರ ಬೇರೆ. ಗೆದ್ದಲು ಹಿಡಿದ ಜಂತೆಗಳ ಹೆಂಚಿನ ಮಾಡಿಗೆ ಇದನ್ನು ಹೊರಿಸುವುದು ಕೆಳಗೆ ಮಲಗುವವರಿಗೆ ಅಪಾಯಕರವು. ಅಂತಹ ಮನೆಯವರು ಬಚ್ಚಲುಮನೆಗೆ ತಾರಸಿ ಹಾಕಿಸಿ ಅದರ ಮೇಲೆ ಕೂರಿಸುವುದು ಲೇಸು.

ಫಲಕವು ದಕ್ಷಿಣಾಭಿಮುಖವಾಗಿರತಕ್ಕದ್ದು. ಬಿಸಿನೀರು ಹೆಚ್ಚಾಗಿ ಬೇಕಾಗುವುದು ಮಾಗಿಯಲ್ಲಿ. ಆಗ ಸೂರ್ಯನು ದಕ್ಷಿಣಕ್ಕೆ ವಾಲಿರುವನು. ಆದಕಾರಣ ಊರಿನ ಅಕ್ಷಾಂಶಕ್ಕೆ 10 ಡಿಗ್ರಿ ಕೂಡಿಸಿ ಓರೆಯನ್ನು ಗೊತ್ತುಮಾಡಬೇಕು: ಮೈಸೂರಿನಲ್ಲಿ ಸುಮಾರು 22, ಬೀದರಿನಲ್ಲಿ 28 ಡಿಗ್ರಿ. ಬೇಸಿಗೆಯಲ್ಲಿ ಅಡ್ಡಬಾರದ ತೆಂಗಿನ ಮರವು ಮಾಗಿಯಲ್ಲಿ ಮಾಡಿನ ಮೇಲೆ ನೆರಳು ಚಾಚುವುದುಂಟು. ಡಿಸೆಂಬರಿನಲ್ಲಿ ಒಂದು ದಿನವೆಲ್ಲ ನೋಡಿಯೇ ಸ್ಥಳವನ್ನು ನಿಶ್ಚಯಿಸಿರಿ.

ಪಂಪಿಲ್ಲದ ಯಂತ್ರದಲ್ಲಿ ಕಾದ ನೀರು ತಾನಾಗಿಯೇ ಮೇಲೇರುವುದರಿಂದ ತೊಟ್ಟಿಯು ಫಲಕಕ್ಕಿಂತ ಎತ್ತರದಲ್ಲಿರಬೇಕು. ತಣ್ಣೀರಿನ ತೊಟ್ಟಿ ಅದಕ್ಕೂ ಮೇಲೆ. ಕೊಳವೆಬಾವಿಯ ಗಡುಸು ನೀರು ಫಲಕದೊಳಗಿನ ಸಣ್ಣ ತಾಮ್ರದ ನಳಿಗೆಗಳಲ್ಲಿ ಸುಣ್ಣ ಕಟ್ಟುವುದು. ಅಂತಹ ಗ್ರಾಮಗಳಿಗೆ ಗಾಜಿನ ನಿರ್ವಾತ ನಳಿಗೆಗಳ ಯಂತ್ರವೇ ವಾಸಿ. ಕೋತಿಗಳ ಕಾಟವಿದ್ದಲ್ಲಿ ಮಾತ್ರ, ಬಿಸಿಲು ಸ್ವಲ್ಪ ಕುಂದಿದರೂ, ಮೇಲೊಂದು ಬಲೆ ಹೊದಿಸದೆ ಗತ್ಯಂತರವಿಲ್ಲ.