ಏನೂ ಆಗದ ಆಲ್ಬಮ್ ಕೇಳೋದು ಹೇಗೆ?

ಈ ಸಲದ ಪಾಠ ಕಿವಿಗೆ. ಆಲ್ಬಮ್ ಹೆಸರು ‘ಗೈರಲ್’, ತಂಡ ಸ್ಕಾರ್ನ್, ವರ್ಷ 1995. ತಂಡ ಅಂದರೂ ಆ ಹೊತ್ತಿಗೆ ಅದರಲ್ಲಿ ಉಳಿದಿದ್ದವನು ಒಬ್ಬನೇ, ಬರ್ಮಿಂಗ್‌ಹ್ಯಾಮಿನ ಮಿಕ್ ಹ್ಯಾರಿಸ್. ಮೊದಲು ಇವನು ನೇಪಾಮ್ ಡೆತ್‌ನ ಡ್ರಮ್ಮರ್. 1.316 ಸೆಕೆಂಡಿನ ಹಾಡು ಮಾಡಿ ಗಿನ್ನೆಸ್ ದಾಖಲೆಗೆ ಹೋದ ತಂಡ ಅದು. ಅಂಥ ಓಟದಿಂದ ಬಂದವನು ಇಲ್ಲಿ ಎತ್ತಿನಗಾಡಿ ವೇಗದಲ್ಲಿ ಹೋಗುತ್ತಾನೆ. ಹಾಡುವವರಿಲ್ಲ, ರಾಗ ಅನ್ನುವಂಥದ್ದು ಹೆಚ್ಚುಕಮ್ಮಿ ಇಲ್ಲ. ಬೇಸ್, ಡ್ರಮ್, ಮಾರ್ದನಿ ಅಷ್ಟೇ. ಇಂಥದ್ದಕ್ಕೆ ಇಂಡಸ್ಟ್ರಿಯಲ್ ಡಬ್ ಅಂತಾರೆ.

ಹಾಸ್ಟೆಲ್ ರೂಮಲ್ಲಿ ಏಳು ಜನ ಕೂತು ಕೇಳಿದೆವು. ಅಭಿಪ್ರಾಯ ಮಾತ್ರ ಏಳಕ್ಕಿಂತ ಜಾಸ್ತಿ ಬಂತು. “ಮುಂದೆ ಏನಾದ್ರೂ ಆಗುತ್ತೆ ಅಂತ ಕಾದೆ ಕಣೋ, ಏನೂ ಆಗಲಿಲ್ಲ” ಅಂದ ಒಬ್ಬ. “ಅದೇ ಚೆನ್ನಾಗಿರೋದು” ಅಂದ ಇನ್ನೊಬ್ಬ. ಮೂಡಿಗೆರೆ ಕಡೆಯವನೊಬ್ಬ ಕಣ್ಣು ಮುಚ್ಚಿಕೊಂಡು, “ಇದು ನಮ್ ತೋಟದ ಸ್ಪ್ರಿಂಕ್ಲರ್” ಅಂದ. ಎಲ್ಲರೂ ನಕ್ಕರು. ಆದರೆ ಅವನ ಮಾತು ಸರಿಯಾಗಿಯೇ ಇದೆ. ಕಾಫಿ ಹೂವಿಗೆ ನೀರು ಹೊಡೆಯೋವಾಗ ಸ್ಪ್ರಿಂಕ್ಲರಿನ ತೋಳು ನೀರಿಗೆ ಬಡಿದು, ಸ್ಪ್ರಿಂಗ್ ಎಳೆತಕ್ಕೆ ವಾಪಸ್ ಬರುತ್ತೆ. ಚಕ್, ಚಕ್, ಚಕ್. ಕೆಳಗೆ ಹಳ್ಳದ ಹತ್ತಿರ ಡೀಸೆಲ್ ಪಂಪು ದಬದಬ ಅಂತಿರುತ್ತೆ. ಮೇಲೆ ತೆಳು ತಾಳ, ಕೆಳಗೆ ದಪ್ಪ ಬೇಸ್. ‘ಗೈರಲ್’ ಇರೋದೂ ಹೀಗೇ.

ಈಗ ಸ್ವಲ್ಪ ಸಿಲಬಸ್. ಡಬ್ ಹುಟ್ಟಿದ್ದು ಜಮೈಕಾದಲ್ಲಿ, 1970ರ ಆಸುಪಾಸಿನಲ್ಲಿ. ಅದನ್ನು ಬೆಳೆಸಿದವರಲ್ಲಿ ಮುಖ್ಯನಾದ ಕಿಂಗ್ ಟಬ್ಬಿ ಮೂಲದಲ್ಲಿ ರೇಡಿಯೋ ರಿಪೇರಿಯವನು, ಅಂದರೆ ನಮ್ಮ ಇಸಿ ಬ್ರಾಂಚಿನ ಹಿರಿಯ. ಆಗಲೇ ರೆಕಾರ್ಡ್ ಆದ ಹಾಡಿನಿಂದ ದನಿಯನ್ನು ತೆಗೆದು, ಡ್ರಮ್ ಮತ್ತು ಬೇಸ್ ಮಾತ್ರ ಉಳಿಸಿ, ಆ ಖಾಲಿ ಜಾಗಕ್ಕೆ ಮಾರ್ದನಿ ತುಂಬಿದ. ಟೇಪ್ ಎಕೋ ಸರಳ ಫೀಡ್‌ಬ್ಯಾಕ್ ಲೂಪ್: ಔಟ್‌ಪುಟ್ಟಿನ ಒಂದು ಪಾಲನ್ನು ಮತ್ತೆ ಇನ್‌ಪುಟ್ಟಿಗೆ ಕೊಡೋದು. ಗೇನ್ 0.6 ಇದ್ದರೆ ಐದನೇ ಮಾರ್ದನಿ ಮೂಲ ಸದ್ದಿನ ಸುಮಾರು 8 ಪರ್ಸೆಂಟ್. ಗೇನ್ 1 ದಾಟಿಸಿದರೆ ಸದ್ದು ಸಾಯೋದೇ ಇಲ್ಲ, ಊಳಿಡುತ್ತೆ. ಕಳಸದ ಕಡೆ ಗುಡ್ಡದಲ್ಲಿ ನಿಂತು ಕೂ ಹಾಕಿ ನೋಡಿ. ಎದುರು ಗುಡ್ಡ 170 ಮೀಟರ್ ದೂರ ಇದ್ದರೆ ನಿಮ್ಮ ಕೂ ಒಂದು ಸೆಕೆಂಡಿಗೆ ವಾಪಸ್ ಬರುತ್ತೆ. ಆ ಒಂದು ಸೆಕೆಂಡಿನ ಖಾಲಿತನವೇ ಡಬ್.

‘ಏನೂ ಆಗಲಿಲ್ಲ’ ಅಂದವನ ವಿಷಯಕ್ಕೆ ಬರೋಣ. ಅವನು ಕೂತಿದ್ದು ಬಾಗಿಲ ಹತ್ತಿರ, ಕೇಳಿದ್ದು ಫೋನ್ ಸ್ಪೀಕರಿನಲ್ಲಿ. 50 ಹರ್ಟ್ಜ್ ಅಲೆಯ ಉದ್ದ ಸುಮಾರು 7 ಮೀಟರ್. ಬೆರಳುಗುರಿನಷ್ಟು ಸ್ಪೀಕರ್ ಅಷ್ಟು ಗಾಳಿಯನ್ನು ತಳ್ಳೋದಿಲ್ಲ. ಸಿನಿಮಾ ಹಾಡಲ್ಲಾದರೆ ಹಾರ್ಮೋನಿಕ್ಸ್ ಇರುತ್ತೆ, ಕೆಳಗಿನ ಸ್ವರವನ್ನು ಮಿದುಳು ಊಹಿಸಿಕೊಳ್ಳುತ್ತೆ. ಇಲ್ಲಿನ ಆಳದ ಬೇಸಿಗೆ ಹಾರ್ಮೋನಿಕ್ಸ್ ಕಡಿಮೆ, ಊಹಿಸೋಕೆ ಸುಳಿವೇ ಇಲ್ಲ. ಅಂದರೆ ಆಲ್ಬಮ್ಮಿನ ಮುಖ್ಯಪಾತ್ರವೇ ರಂಗಕ್ಕೆ ಬರಲಿಲ್ಲ! ಹೆಡ್‌ಫೋನ್ ಕೊಟ್ಟು ಮತ್ತೆ ಕೇಳಿಸಿದೆವು. “ಈಗ ಏನೋ ಆಗ್ತಾ ಇದೆ, ಆದ್ರೂ ಬೋರೇ” ಅಂದ. ಈ ಅಭಿಪ್ರಾಯಕ್ಕೆ ನನ್ನ ಗೌರವವಿದೆ. ನಿಜ ಹೇಳಬೇಕಂದ್ರೆ ಕೊನೆಕೊನೆಗೆ ನನಗೂ ಸ್ವಲ್ಪ ಉದ್ದ ಅನ್ನಿಸಿತು.

ಆದರೆ ನಾನು ಇದನ್ನು ಬರೆಯೋಕೆ ಕೂತಿದ್ದು ಇನ್ನೊಂದು ಮಾತಿನಿಂದ. ಕಳಸದ ಹತ್ತಿರದ ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದ ಗೆಳತಿಯೊಬ್ಬಳು ಎರಡು ಟ್ರ್ಯಾಕ್ ಸುಮ್ಮನೆ ಕೇಳಿ ಹೇಳಿದಳು: “ನಿಮಗೆ ಇದು ಮ್ಯೂಸಿಕ್. ನಮ್ಮಪ್ಪ ಪಲ್ಪರ್ ಪಕ್ಕ ಇಪ್ಪತ್ತು ವರ್ಷ ನಿಂತರು. ಈಗ ಅವರಿಗೆ ಎಲ್ಲಾನೂ ಎರಡೆರಡು ಸಲ ಹೇಳಬೇಕು.”

ರೂಮಲ್ಲಿ ಯಾರೂ ಮಾತಾಡಲಿಲ್ಲ. ಕಾರ್ಖಾನೆಗಳಿಗೆ 8 ಗಂಟೆಗೆ 90 ಡೆಸಿಬಲ್ ಅನ್ನೋ ಮಿತಿ ನಮ್ಮ ದೇಶದಲ್ಲಿದೆ, ನಾವದನ್ನು ಓದಿ ಮಾರ್ಕ್ಸ್ ತಗೋತೀವಿ. ‘ಇಂಡಸ್ಟ್ರಿಯಲ್’ ಅನ್ನೋ ಹೆಸರು ಹಬ್ಬಿದ್ದು ಲಂಡನ್ನಿನಲ್ಲಿ 1976ರಲ್ಲಿ ಶುರುವಾದ ಇಂಡಸ್ಟ್ರಿಯಲ್ ರೆಕಾರ್ಡ್ಸ್‌ನಿಂದ. ಅವರಿಗೆ ಯಂತ್ರದ ಸದ್ದನ್ನು ಹಾಡಿನ ಪಕ್ಕ ತಂದು ನಿಲ್ಲಿಸೋದು ಒಂದು ಪ್ರಶ್ನೆ ಕೇಳಿದ ಹಾಗಿತ್ತು. ಆದರೆ ಹೆಡ್‌ಫೋನ್‌ಗೆ ವಾಲ್ಯೂಮ್ ಬಟನ್ ಇದೆ, ಪಲ್ಪರಿಗಿಲ್ಲ. ನನ್ನ ಪ್ರಕಾರ ಆ ದಿನ ಬಂದ ಅಭಿಪ್ರಾಯಗಳಲ್ಲಿ ತೂಕದ್ದು ಅವಳದೇ. ಆಲ್ಬಮ್ ಕೆಟ್ಟದ್ದು ಅಂತ ಅವಳು ಹೇಳಲಿಲ್ಲ ಅನ್ನೋದನ್ನೂ ಗಮನಿಸಿ. ಡ್ರಮ್ ಚೆನ್ನಾಗಿದೆ ಅಂದಳು, ಬೇಸ್ ಬೇಡ ಅಂದಳು.

ಇನ್ನೊಂದು ವಿಷಯ ಗಮನಕ್ಕೆ ಬಂತು. ಇಂಗ್ಲಿಷಲ್ಲಿ ಮಾತಾಡುವಾಗ ನಮಗೆಲ್ಲ ಇದ್ದಿದ್ದು ‘ಡಾರ್ಕ್’, ‘ಹೆವಿ’, ‘ಬೋರಿಂಗ್’ ಅನ್ನೋ ಮೂರೇ ಪದ. ಕನ್ನಡಕ್ಕೆ ತಿರುಗಿದ ಕೂಡಲೇ ಗುಂಯ್, ದಬದಬ, ಚರಚರ, ಗುಡುಗುಡು ಎಲ್ಲ ಹೊರಗೆ ಬಂತು. ಹೈಸ್ಕೂಲ್ ವ್ಯಾಕರಣದಲ್ಲಿ ಇದಕ್ಕೆ ಅನುಕರಣಾವ್ಯಯ ಅಂತಿದ್ದರು. ಎರಡು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ದು ಸೌಂಡ್ ಡಿಸೈನಿಗೆ ಉಪಯೋಗಕ್ಕೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?

ಮುಂದಿನ ಸಲ ಬರ್ಲಿನ್‌ನ ಪೋಲ್ ಮಾಡಿದ ‘1’, 1998ರದ್ದು. ಅವನ ಫಿಲ್ಟರ್ ಯಂತ್ರ ಕೆಳಗೆ ಬಿದ್ದು ಕೆಟ್ಟು ಚಟಪಟ ಅನ್ನೋಕೆ ಶುರುಮಾಡಿತು. ರಿಪೇರಿ ಮಾಡಿಸದೆ ಆ ಚಟಪಟವನ್ನೇ ಆಲ್ಬಮ್ ಮಾಡಿದ. ಹೆಡ್‌ಫೋನ್ ತನ್ನಿ. ‘ಬೋರಿಂಗ್’ ಅನ್ನೋ ಪದ ಬಿಟ್ಟು ಬೇರೆ ಏನು ಬೇಕಾದರೂ ಹೇಳಬಹುದು.